ಮಾಳಿಗೆ ನೀರು ಹೋದ ದಾರಿ

ಸಿಟ್ಟು ಬಂದಾಗ ಕೆಲವರ ದನಿ ಏರುತ್ತದೆ, ನನ್ನ ವ್ಯಾಕರಣ ಸರಿಹೋಗುತ್ತದೆ. ನಾನು ಪೂರ್ಣವಾಕ್ಯಗಳಲ್ಲಿ ಮಾತಾಡತೊಡಗಿದರೆ ಹೆಂಡತಿ ಶಾಂತಾ ಸುಮ್ಮನೆ ಒಳಗೆ ಹೋಗಿಬಿಡುತ್ತಾಳೆ. ಈ ಸಲದ ಮೊದಲ ದೊಡ್ಡ ಮಳೆಯ ದಿನ ಅವಳು ಹೊರಗೆ ಬರಲೇ ಇಲ್ಲ.

ಅಣೆಕಟ್ಟು ಇಷ್ಟು ಹತ್ತಿರವಿದ್ದರೂ ಹೊಸಪೇಟೆಯ ನಮ್ಮ ಓಣಿಯ ನಳಗಳು ಬರೀ ಕೆಮ್ಮುತ್ತವೆ. ಅದಕ್ಕೇ ಹೊಸ ಮನೆಯನ್ನು ನೀರಿಗೆಂದೇ ಕಟ್ಟಿಸಿದೆ. ಮಾಳಿಗೆಯ ಮೇಲೆ ಬಿದ್ದ ಮಳೆಯೆಲ್ಲ ಇಳಿಜಾರಿನಲ್ಲಿ ಹರಿದು, ಮರಳು ಜಲ್ಲಿಯಲ್ಲಿ ಸೋಸಿ, ನೆಲದಡಿಯ ಸಂಪು ಸೇರಬೇಕು. ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ನಾನು. ಗೃಹಪ್ರವೇಶಕ್ಕೆ ಬಂದವರಿಗೆ ಪಾಯಸಕ್ಕಿಂತ ಮೊದಲು ಇದರ ಪಾಠವನ್ನೇ ಬಡಿಸಿದ್ದೆ.

ಮಳೆ ಬಿತ್ತು. ಕೊಡೆ ಹಿಡಿದು ಮನೆ ಮುಂದಿನ ಸಂಪಿನ ಮುಚ್ಚಳ ಎತ್ತಿದೆ. ಒಳಗೆ ಒಂದು ಕಪ್ಪೆ ನನ್ನಂತೆಯೇ ಕಾಯುತ್ತಿತ್ತು. ನೀರು ಮಾತ್ರ ಮಾಳಿಗೆಯ ಹಿಂದಿನ ಮೂಲೆಯಿಂದ ಧೋ ಎಂದು ಹಿತ್ತಲ ಗೋಡೆಯಾಚೆಗಿನ ಗಂಗಮ್ಮನವರ ಅಂಗಳಕ್ಕೆ ಬೀಳುತ್ತಿತ್ತು. ಅವರು ಎರಡು ಬ್ಯಾರಲ್ ತುಂಬಿಸಿ ಮೂರನೆಯದನ್ನು ಉರುಳಿಸಿಕೊಂಡು ಬರುತ್ತಿದ್ದರು.

ಮನೆ ಕಟ್ಟಿದ ಗೌಂಡಿ ಹುಲುಗಪ್ಪ ಕಂಪ್ಲಿಯಲ್ಲಿ ಕೆಲಸದಲ್ಲಿದ್ದ. ಮರುದಿನವೇ ಬೈಕು ಹತ್ತಿದೆ. ದಾರಿಯಲ್ಲಿ ಸಿಗುವ ಮಲಪನಗುಡಿಯಲ್ಲಿ ಹಿಂದಿನವರು ಬಾವಿಗೆ ಮೆಟ್ಟಿಲು ಕಟ್ಟಿ ನೀರು ಕಾಪಾಡಿದ್ದಾರೆ, ಇವನಿಗೆ ಒಂದು ಮಾಳಿಗೆಗೆ ಸರಿಯಾದ ಇಳಿಜಾರು ಕೊಡಲು ಬರುವುದಿಲ್ಲವೇ ಎಂದು ದಾರಿಯುದ್ದಕ್ಕೂ ಕುದಿದೆ.

"ಹುಲುಗಪ್ಪನವರೇ, ನನ್ನ ಮಾಳಿಗೆಯ ನೀರು ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದು ನಿಮಗೆ ತಿಳಿದಿದೆಯೇ?"

ಅವನು ಕರಣೆ ಕೆಳಗಿಟ್ಟ. "ಹಿಂದಕ್ರಿ ಸರ. ನಕ್ಷೆದಾಗ ಸಂಪು ಹಿಂದ ಇತ್ತಲ್ರಿ. ಸ್ಲ್ಯಾಬ್ ಹಾಕಿದ ಮ್ಯಾಲ, ಬಂದ ಮಂದಿಗೆ ಕಾಣಬೇಕಂತ ನೀವ ಅದನ್ನ ಮನಿ ಮುಂದ ತೋಡಿಸಿದ್ರಿ. ಇಳಿಜಾರು ತಿರುಗಿಸಬೇಕಾಕತಿ ಅಂತ ಹೇಳಾಕ ಬಂದಿದ್ನಿ. ನೀವು ಫೋನಿನ್ಯಾಗ ಯಾರಿಗೋ ನೀರು ಹೆಂಗ ಉಳಿಸಬೇಕಂತ ಹೇಳಾಕತ್ತಿದ್ರಿ. ಕೈ ಮಾಡಿ, ಹೋಗು ಹೋಗು ಅಂದ್ರಿ. ನಾ ಹೋದ್ನಿರಿ."

ಬೈಕು ತಿರುಗಿಸಿದೆ. ಹುಲುಗಪ್ಪ ಮುಂದಿನ ತಿಂಗಳು ಬಂದು ಸರಿಮಾಡುತ್ತೇನೆಂದ.

ನಿನ್ನೆ ನಳ ಬರಲಿಲ್ಲ. ಶಾಂತಾ ಹಿತ್ತಲ ಗೋಡೆಯತ್ತ ತೋರಿಸಿ ಕೊಡವನ್ನು ನನ್ನ ಕೈಗಿಟ್ಟಳು. ಗಂಗಮ್ಮನವರು ನನ್ನ ಮಾಳಿಗೆಯ ನೀರನ್ನು ಚೊಂಬಿನಲ್ಲಿ ಮೊಗೆಮೊಗೆದು ನನಗೇ ತುಂಬಿಕೊಟ್ಟರು.

"ನೋಡಿಕೊಂಡು ಬಳಸ್ರಿ ಸರ," ಎಂದರು. "ಮಳಿ ನೀರು ಹಿಡಿಯೋದು ಎಲ್ಲಾರಿಗೂ ಬರಂಗಿಲ್ಲ."

"ಹೂಂ ರಿ," ಎಂದು, ಒಂದು ಹನಿಯೂ ತುಳುಕದಂತೆ ನಡೆದು ಬಂದೆ.