ನಾನು ಗೆದ್ದ ಪಾಲಕರ ಸಭೆ

ವಾದದಲ್ಲಿ ಗೆಲ್ಲುವುದು ಒಂದು ಚಟ. ಎಲೆ ಅಡಿಕೆ ಹಾಕುವವರ ಚಟ ಅವರ ತುಟಿ ನೋಡಿದರೆ ಗೊತ್ತಾಗುತ್ತದೆ. ನಮ್ಮಂಥವರದು ಬಾಯಿ ತೆರೆಯುವವರೆಗೂ ಗೊತ್ತಾಗುವುದಿಲ್ಲ, ತೆರೆದ ಮೇಲೆ ಅದು ಮುಚ್ಚುವುದಿಲ್ಲ. ನನಗೆ ಈ ಚಟ ಹತ್ತಿದ್ದು ಚಿಕ್ಕೋಡಿಯಲ್ಲಿ ಕಾಲೇಜಿಗೆ ಹೋಗುವಾಗ. ಚರ್ಚಾಸ್ಪರ್ಧೆಗಳಲ್ಲಿ ವಿಷಯದ ಪರ ಮಾತಾಡಬೇಕೋ ವಿರೋಧ ಮಾತಾಡಬೇಕೋ ಎನ್ನುವುದು ವೇದಿಕೆ ಹತ್ತುವ ಐದು ನಿಮಿಷ ಮೊದಲು ಚೀಟಿ ಎತ್ತಿದಾಗ ತಿಳಿಯುತ್ತಿತ್ತು. ಹೀಗಾಗಿ ಮನುಷ್ಯರಿಗೆ ಅಭಿಪ್ರಾಯ ಬರುವುದೇ ಚೀಟಿಯಿಂದ ಎಂದು ಬಹಳ ದಿನ ನಂಬಿದ್ದೆ. ಓದು ಮುಗಿಸಿ ನಮ್ಮೂರು ಜುಗೂಳಕ್ಕೆ ಮರಳಿದ ಮೇಲೆ ಚೀಟಿ ಕೊಡುವವರು ಯಾರೂ ಇರಲಿಲ್ಲ. ಎದುರಿಗಿದ್ದವರು ಏನು ಹೇಳುತ್ತಾರೋ ಅದರ ವಿರೋಧವೇ ನನ್ನ ಪಕ್ಷ ಎಂದು ಇಟ್ಟುಕೊಂಡೆ.

ಎಮ್ಮೆ ಹಿಂಡುವ ಹೊತ್ತಿಗೇ ಶಾಲೆಯಲ್ಲಿ ಪಾಲಕರ ಸಭೆ ಬಂದಿದ್ದರಿಂದ ಸವಿತಾ ವೈನಿ, ಅಂದರೆ ಅಣ್ಣನ ಹೆಂಡತಿ, ತನ್ನ ಬದಲು ನನ್ನನ್ನು ಕಳಿಸಿದಳು. ಅವಳ ಮಗಳು ಶ್ರಾವಣಿ ಮೂರನೇ ತರಗತಿ. ಅವಳ ತರಗತಿಗೆ ಕಲಿಸುವ ಅಕ್ಕೋರು ರಜಿಸ್ಟರ್ ತೆರೆದು ನೇರವಾಗಿ ಹೇಳಿದರು: "ಶ್ರಾವಣಿಗೆ ಇನ್ನಾ ಅಕ್ಷರ ಕೂಡಿಸಿ ಓದಾಕ ಬರವಲ್ದರಿ. ಲೆಕ್ಕನೂ ಹಂಗ. ಸಾಲಿ ಬಿಟ್ಟ ಮ್ಯಾಲೆ ದಿನಾ ಒಂದ ತಾಸ ಒಂದನೇತ್ತೆ ಹುಡುಗೋರ ಜೋಡಿ ಕುಂದ್ರಲಿ, ನಾ ಕಲಸತೀನಿ. ಈಗ ಬಿಟ್ರ ಮುಂದ ಎಲ್ಲಾ ವಿಷಯಕ್ಕೂ ತೊಡಕಾಕ್ಕೈತಿ."

ಸುಮ್ಮನೆ ಹೂಂ ಎಂದು ಬರಬಹುದಿತ್ತು. ಆದರೆ ಸುತ್ತ ಮೂವತ್ತು ಮಂದಿ ಪಾಲಕರು ಕೂತಿದ್ದರು. ನಾನು ಎದ್ದು ನಿಂತು, "ಅಕ್ಕೋರೆ, ಓದೂದು ಅಂದ್ರ ಏನ್ರಿ? ಮೊದಲ ವ್ಯಾಖ್ಯೆ ಹೇಳ್ರಿ" ಎಂದೆ. ಹುಡುಗಿ ಎಲ್ಲ ಪದ್ಯಗಳನ್ನು ತಡೆಯಿಲ್ಲದೆ ಹೇಳುತ್ತಾಳೆ, ಹನ್ನೆರಡರವರೆಗೆ ಮಗ್ಗಿ ಹೇಳುತ್ತಾಳೆ, ಇದು ಓದಲ್ಲವೇ ಎಂದು ಕೇಳಿದೆ. ಎಲ್ಲ ಮಕ್ಕಳೂ ಒಂದೇ ವಯಸ್ಸಿಗೆ ಓದಬೇಕೆಂದು ಯಾರು ಕಟ್ಟಳೆ ಮಾಡಿದರು ಎಂದೆ. ಕೊನೆಗೆ ನಮ್ಮ ಆಯಿಯನ್ನೂ, ಅಂದರೆ ನನ್ನ ತಾಯಿಯನ್ನೂ, ಎಳೆದು ತಂದೆ: ಹುಡುಗಿಯ ಅಜ್ಜಿಗೆ ಒಂದಕ್ಷರ ಬರುವುದಿಲ್ಲ, ಆದರೂ ಯಾವ ಎಮ್ಮೆ ಯಾವ ವಾರ ಈಯುತ್ತದೆಂದು ಬಾಯಲ್ಲೇ ಎಣಿಸಿ ಹೇಳುತ್ತಾಳೆ. ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ, "ಈಕಿ ವಕೀಲ ಆಗಬೇಕಿತ್ತ ನೋಡ" ಎಂದರು. ಅಕ್ಕೋರು ರಜಿಸ್ಟರ್ ಮುಚ್ಚಿ, "ಆತ್ರಿ, ನೀವ ಗೆದ್ರಿ" ಎಂದರು. ಹೌದು, ಗೆದ್ದಿದ್ದೆ. ಸೋತವರು ಯಾರೆಂದು ಆಗ ನಾನು ನೋಡಲಿಲ್ಲ.

ಮೂರು ತಿಂಗಳ ನಂತರ ಕಾಗವಾಡದಲ್ಲಿ ಮಕ್ಕಳ ಭಾಷಣ ಸ್ಪರ್ಧೆ. ವಿಷಯ, ಓದಿನ ಮಹತ್ವ. ನಾನೇ ಬರೆದೆ, ನಾನೇ ಕಲಿಸಿದೆ. ಕಲಿಸುವುದೆಂದರೆ, ವೈನಿ ಶ್ರಾವಣಿಗೆ ಜಡೆ ಹಾಕುವಾಗ ನಾನು ಒಂದು ಸಾಲು ಹೇಳುವುದು, ಅವಳು ಹಾಗೇ ಒಪ್ಪಿಸುವುದು. ಎಲ್ಲಿ ಕೈ ಎತ್ತಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದೂ ಅದರಲ್ಲೇ ಸೇರಿತ್ತು. ನಾಲ್ಕು ದಿನಕ್ಕೆ ಇಡೀ ಭಾಷಣ ಬಾಯಿಗೆ ಬಂತು. ಓದದವನ ಬಾಳು ಕತ್ತಲು ಎನ್ನುವ ಕಡೆ ಅವಳು ಕಣ್ಣು ಮುಚ್ಚಿದಾಗ ತೀರ್ಪುಗಾರರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಮೊದಲ ಬಹುಮಾನ ಬಂತು. ಬಹುಮಾನವಾಗಿ ಒಂದು ಕಥೆ ಪುಸ್ತಕ ಕೊಟ್ಟರು. ಮುಂದಿನ ಸುತ್ತು ಚಿಕ್ಕೋಡಿಯಲ್ಲಿ.

ಮನೆಗೆ ಬಂದ ಕೂಡಲೆ ಆಯಿ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ಅದರಾಗ ಏನ ಬರದೈತಿ, ಓದ ನೋಡೂಣು" ಎಂದಳು. ಶ್ರಾವಣಿ ಮೊದಲ ಪುಟ ತೆರೆದು ಚಿತ್ರ ನೋಡಿದಳು. ಆಮೇಲೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಹೇಳಿದಳು: "ಅತ್ತಿ, ಮೊದಲ ನೀ ಹೇಳ. ಆಮ್ಯಾಲ ನಾ ಓದತೀನಿ."

ಅದರಲ್ಲಿ ಕಳ್ಳಾಟ ಇರಲಿಲ್ಲ. ಯಾರಾದರೂ ಹೇಳಿದ್ದನ್ನು ಪುಸ್ತಕ ಹಿಡಿದು ಮತ್ತೆ ಹೇಳುವುದಕ್ಕೇ ಓದು ಎನ್ನುತ್ತಾರೆ ಎಂದು ಅವಳು ತಿಳಿದಿದ್ದಳು. ಹಾಗೆ ತಿಳಿಸಿದವಳು ನಾನೇ. ಅನುಮಾನ ಬಂದು ಏಳೆಂಟಲೆ ಎಷ್ಟು ಎಂದು ಕೇಳಿದೆ. ಅವಳು "ಏಳೊಂದಲೆ ಏಳು" ಎಂದು ಶುರು ಮಾಡಿದಳು. ಏಳಾರಲೆ ತಲುಪಿದಾಗ ನನಗೆ ಸೀನು ಬಂತು. ಪಾಪ, ಮತ್ತೆ ಏಳೊಂದಲೆಯಿಂದ ಹೊರಟಳು. ಎಂಟಕ್ಕೆ ಆರು ಕೂಡಿಸು ಎಂದರೆ ಎರಡೂ ಕೈಯ ಬೆರಳು ನೋಡಿಕೊಂಡು, "ಬಟ್ಟ ಸಾಲಂಗಿಲ್ಲ" ಎಂದಳು.

ಇಲ್ಲಿ ನನ್ನ ತರ್ಕದ ತಪ್ಪನ್ನು ನಾನೇ ಹೇಳಬೇಕು. ಎಲ್ಲ ಮಕ್ಕಳೂ ತಮ್ಮ ವೇಗದಲ್ಲಿ ಕಲಿಯುತ್ತಾರೆ, ನಿಜ. ಆದರೆ ಪಠ್ಯಪುಸ್ತಕ ಯಾರಿಗೂ ಕಾಯುವುದಿಲ್ಲ. ಮೂರನೆಯವರೆಗೆ ಅದು ಅಕ್ಷರ ಕಲಿಸುತ್ತದೆ, ನಾಲ್ಕರಿಂದ ಅಕ್ಷರ ಬರುತ್ತದೆಂದು ಹಿಡಿದುಕೊಂಡು ನದಿ, ಮಣ್ಣು, ಭಾಗಾಕಾರ ಎಂದು ಮುಂದೆ ಹೋಗುತ್ತದೆ. ಆಗ ಮನೆಯ ಹಿಂದೆಯೇ ಕೃಷ್ಣೆ ಹರಿಯುತ್ತಿದ್ದರೂ ನದಿಯ ಪಾಠದಲ್ಲಿ ಈ ಹುಡುಗಿಗೆ ದಾರಿ ಸಿಗುವುದಿಲ್ಲ. ಇನ್ನೊಂದು ಮಾತು. ಮಂದ ಹುಡುಗಿಯಾಗಿದ್ದರೆ ಮನೆಯವರಿಗೆ ಎಂದೋ ಗೊತ್ತಾಗುತ್ತಿತ್ತು. ಇವಳ ಜ್ಞಾಪಕಶಕ್ತಿಯೇ ಇವಳಿಗೆ ಮುಳುವಾಗಿತ್ತು. ಅದಕ್ಕೆ ಚಪ್ಪಾಳೆ ಗಿಟ್ಟಿಸಿ ಕೊಡುವ ಕೆಲಸ ನನ್ನದಾಗಿತ್ತು.

ಶ್ರಾವಣಿಯನ್ನು ನಾಳೆಯಿಂದ ಅಕ್ಕೋರ ಆ ಒಂದು ತಾಸಿಗೆ ಕಳಿಸೋಣ ಎಂದು ವೈನಿಗೆ ಹೇಳಿದೆ.

"ಪೈಲಾ ನಂಬರ ಬಂದ ಹುಡುಗಿನ್ನ ಒಂದನೇತ್ತೆ ಹುಡುಗೋರ ಸಾಲಿನ್ಯಾಗ ಕುಂದ್ರಸೂದೇನ? ಆ ತಾಸಿನ್ಯಾಗ ಚಿಕ್ಕೋಡಿ ಭಾಷಣ ಕಲಸ ನೀ."

"ವೈನಿ, ಆಕಿಗೆ ಓದಾಕ ಬರಂಗಿಲ್ಲ."

"ಓದೂದಂದ್ರ ಏನ? ವ್ಯಾಖ್ಯೆ ಹೇಳ."

ಸಭೆಗೆ ಬರದ ವೈನಿಗೆ ನನ್ನ ಭಾಷಣ ಪೂರ್ತಿ ತಲುಪಿತ್ತು. ನಾನು ಯಾವ ಅಂಶ ಎತ್ತಿದರೂ ಅವಳು ನನ್ನದೇ ಉತ್ತರ ಕೊಟ್ಟಳು. ಆಯಿ, ಎಮ್ಮೆ, ವಾರದ ಲೆಕ್ಕ, ಎಲ್ಲವೂ ಅನುಕ್ರಮವಾಗಿ ಬಂದವು. ಹತ್ತು ನಿಮಿಷದಲ್ಲಿ ನಾನು ಸೋತೆ. ನನ್ನ ವಾದ ಇಷ್ಟು ಗಟ್ಟಿಯಾಗಿತ್ತೆಂದು ನನಗೇ ಗೊತ್ತಿರಲಿಲ್ಲ.

ಹೊಸ್ತಿಲ ಮೇಲೆ ಕೂತಿದ್ದ ಶ್ರಾವಣಿ ಆಗ ಹೇಳಿದಳು: "ಅವ್ವಾ, ನಂಗ ಖರೇನ ಬರಂಗಿಲ್ಲ. ಎಲ್ಲಾರೂ ಓದೂ ಮುಂದ ನಾ ಬಾಯಿ ಅಷ್ಟ ಆಡಸತೀನಿ." ಅಳಲಿಲ್ಲ, ದೂರಲಿಲ್ಲ, ಇದ್ದದ್ದನ್ನು ಹೇಳಿದಳು. ನನಗೆ ಬರುವುದಿಲ್ಲ ಎನ್ನುವ ಮಾತನ್ನು ಇಷ್ಟು ವರ್ಷದ ಚರ್ಚೆಗಳಲ್ಲಿ ನಾನು ಒಮ್ಮೆಯೂ ಆಡಿದ್ದಿಲ್ಲ. ವೈನಿ ಮಗಳನ್ನು ಹತ್ತಿರ ಎಳೆದುಕೊಂಡು, "ಚಿಕ್ಕೋಡಿ ಎಲ್ಲಿ ಓಡಿ ಹೋಗಂಗಿಲ್ಲ ಬಿಡ" ಎಂದಳು.

ಮರುದಿನ ಅಕ್ಕೋರ ಮುಂದೆ ನಿಂತು ಅವತ್ತು ನಾನು ಹೇಳಿದ್ದು ತಪ್ಪಾಗಿತ್ತು ಎಂದೆ. "ವ್ಯಾಖ್ಯೆ ಬೇಕೇನ್ರಿ?" ಎಂದು ಕೇಳಿದರು. ಬೇಡ ಎಂದೆ. "ಮೂರ ತಿಂಗಳ ದಂಡ ಆತ್ರಿ. ಕಳಸ್ರಿ, ನೋಡೂಣು."

ಶ್ರಾವಣಿ ಮೊಳಕಾಲು ಮಡಚಿಕೊಂಡು ತನಗಿಂತ ಗೇಣುದ್ದ ಚಿಕ್ಕವರ ಜೊತೆ ಕೂತಳು. ಹುಣಸೆಬೀಜ ಹತ್ತತ್ತು ಗುಡ್ಡೆ ಹಾಕಿ ಕೂಡಿಸಿದಳು, ಕಳೆದಳು. ಮರಳ ಮೇಲೆ ಕಾಗುಣಿತ ಬರೆದಳು. ಚಳಿಗಾಲ ಮುಗಿಯುವ ಹೊತ್ತಿಗೆ ಅಕ್ಷರಗಳು ಒಂದಕ್ಕೊಂದು ಅಂಟತೊಡಗಿದವು. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದಳು: ಗೊಬ್ಬರದ ಚೀಲ, ಸಾಬೂನಿನ ಕಾಗದ, ಬಸ್ಸಿನ ಬೋರ್ಡು. ಮನೆಯಲ್ಲಿ ಓದಲು ಏನೂ ಉಳಿಯದಿದ್ದಾಗ ಒಂದು ಭಾನುವಾರ ಸ್ಟೂಲು ಹತ್ತಿ, ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ನನ್ನ ಪ್ರಶಸ್ತಿಪತ್ರಗಳಿಗೆ ಬೆರಳಿಟ್ಟಳು. ಅವೆಲ್ಲ ಪೈಲಾ ನಂಬರ ಎಂದು ನಾನು ಆಯಿಗೆ ಹೇಳಿದ್ದೆ. ಓದಲು ಬರುವವರು ಅವನ್ನು ಓದುವ ಗೋಜಿಗೆ ಹೋಗಿರಲಿಲ್ಲ.

"ಸ-ಮಾ-ಧಾ-ನ-ಕರ ಬಹುಮಾನ" ಎಂದು ಓದಿದಳು.

"ಹಂಗಂದ್ರ ಏನ?" ಎಂದಳು ಆಯಿ.

"ಸೋತವರು ಸಮಾಧಾನ ಆಗಲಿ ಅಂತ ಕೊಡೂದ" ಎಂದು ಒಳಗಿನಿಂದ ವೈನಿ ಹೇಳಿದಳು.

ಶ್ರಾವಣಿ ಸ್ಟೂಲು ಸರಿಸಿಕೊಳ್ಳುತ್ತ ಗೋಡೆಯ ಕೊನೆಯವರೆಗೂ ಓದಿದಳು. ನಾನು ನಡುವೆ ಏನೋ ವಿವರಿಸಲು ಹೋದೆ. "ತಡಿ ಅತ್ತಿ, ನಾ ಓದಾಕತ್ತೀನಿ" ಎಂದಳು. ಇಳಿದು ಬಂದು ಆಯಿಗೆ ವರದಿ ಒಪ್ಪಿಸಿದಳು: "ಒಟ್ಟ ಹನ್ನೊಂದ ಅದಾವ. ಸಮಾಧಾನದ್ದು ಆರು, ಬರೇ ಹೋಗಿ ಬಂದಿದ್ದಕ್ಕ ಕೊಟ್ಟದ್ದು ಮೂರು. ಪೈಲಾ ನಂಬರ ಎರಡ."

ಬೆರಳು ಮಡಚದೆ ಹೇಳಿದಳು. ನಾನು ಮನಸ್ಸಿನಲ್ಲೇ ಎರಡು ಸಲ ಕಳೆದು ನೋಡಿದೆ. ಲೆಕ್ಕ ಸರಿಯಾಗಿತ್ತು.