ಹತ್ತನೆಯ ಚೀಲ

ಹೆಂಡತಿಯ ಕರುಣೆ ಸಿಗಬೇಕಾದರೆ ಆಕೆಯ ಗಂಡನಾಗಿರಬಾರದು ಎಂಬ ಮಹಾಸತ್ಯ ಬಳ್ಳಾರಿಯ ಕೊಟ್ಟೂರಪ್ಪನಿಗೆ ಹೊಳೆದು ಮೂರು ವಾರವಾಗಿತ್ತು. ಹೆಂಡತಿ ಸುವರ್ಣಮ್ಮ ಊರಿನ ಮಹಿಳಾ ಸಂಘ ಸೇರಿ, ಸಿರುಗುಪ್ಪ, ಕುರುಗೋಡು ಕಡೆಯ ಬಡಮಕ್ಕಳ ಮನೆಗಳಿಗೆ ಅಕ್ಕಿ, ಬೇಳೆ, ರವೆ, ನೋಟ್‌ಬುಕ್ಕಿನ ಚೀಲ ಹಂಚತೊಡಗಿದಂದಿನಿಂದ ಮನೆಯಲ್ಲಿ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಉಪ್ಪಿಟ್ಟು. (ಮಧ್ಯಾಹ್ನ, ಬೆಳಗಿನ ಉಪ್ಪಿಟ್ಟು.)

ಆ ದಿನ ಸುವರ್ಣಮ್ಮ ಕುರುಗೋಡಿಗೆ ಹೊರಟಿದ್ದರಿಂದ ಸಿರುಗುಪ್ಪ ಕಡೆಯ ಹಚ್ಚೊಳ್ಳಿಯ ಪಾಲು ಗಂಡನ ತಲೆಗೆ ಬಿತ್ತು.

"ಹತ್ತು ಮನಿ, ಹತ್ತು ಚೀಲ, ಹತ್ತು ಫೋಟೋ. ಎಲ್ಲಾ ಸಂಘದ ಗ್ರೂಪಿಗೆ ಹಾಕ್ರಿ. ನೆಟ್ಟಗ ಮಾಡಿಬಂದ್ರ ರೊಟ್ಟಿ, ಎಣ್ಣಿಗಾಯಿ ಮಾಡ್ತೀನಿ."

"ತಪ್ಪಿದ್ರ?"

"ರವಾ ಇನ್ನೂ ಐತಿ."

ಎಣ್ಣೆಗಾಯಿಯ ಆಸೆಗೆ ಕೊಟ್ಟೂರಪ್ಪ ಸಂಘದ ಟೆಂಪೋ ಹತ್ತಿದ. ಒಂಬತ್ತು ಮನೆ ಸುಸೂತ್ರವಾಗಿ ಮುಗಿದವು. ಹತ್ತನೆಯದು ಮೊಮ್ಮಕ್ಕಳಿಬ್ಬರನ್ನು ಸಾಕುತ್ತಿದ್ದ ಈರಮ್ಮನ ಮನೆ. ಒಳಗೆ ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು.

"ಬಿಸಿಲಾಗ ಬಂದೀರಿ, ಎರಡು ತುತ್ತು ಉಣ್ರಿ," ಎಂದಳು ಈರಮ್ಮ.

"ಛೇ, ಬ್ಯಾಡ್ರಿ," ಎಂದಿತು ಬಾಯಿ. ಕಾಲು ಆಗಲೇ ಒಳಗೆ ಹೋಗಿ ಮಡಚಿ ಕೂತಿತ್ತು.

ನಾಲ್ಕನೆಯ ರೊಟ್ಟಿಯ ನಂತರ ಆತ ಎಣಿಸುವುದನ್ನು ಬಿಟ್ಟ. ಈರಮ್ಮ ಆತನ ಗುಂಡಿ ಹರಿದ ಅಂಗಿಯನ್ನೂ ಬಳಿದಿಟ್ಟ ತಟ್ಟೆಯನ್ನೂ ನೋಡಿದಳು.

"ಯಪ್ಪಾ, ಮನ್ಯಾಗ ಉಣ್ಣಾಕ ಹಾಕಂಗಿಲ್ಲೇನು?"

"ರೊಟ್ಟಿ ಕಂಡು ಮೂರು ವಾರಾತವ್ವಾ," ಎಂದ. ಬಾಯಿ ತುಂಬಿದಾಗ ಸುಳ್ಳು ಹೇಳುವುದು ಕಷ್ಟ.

ಈರಮ್ಮ ಕಣ್ಣೊರೆಸಿಕೊಂಡಳು. ಚೀಲದಿಂದ ನೋಟ್‌ಬುಕ್ಕಷ್ಟೇ ತೆಗೆದು ಮೊಮ್ಮಗಳು ಜ್ಯೋತಿಲಕ್ಷ್ಮಿಗೆ ಕೊಟ್ಟಳು. "ಪುಸ್ತಕ ಹುಡುಗೀರಿಗಿರ್ಲಿ. ಉಣ್ಣೋ ಸಾಮಾನು ನೀವs ಒಯ್ರಿ. ನಮ್ಮ ಹಂತ್ಯಾಕ ಜ್ವಾಳ ಅದಾವು."

"ಅಯ್ಯೋ, ಕೊಡಾಕ ಬಂದಾವ ನಾನವ್ವಾ!"

"ನಾಚಿಕಿ ಬ್ಯಾಡ್ರಿ," ಎಂದು ರೊಟ್ಟಿಯ ಗಂಟನ್ನೂ ಮೇಲಿಟ್ಟು ಆಕೆ ಚೀಲವನ್ನು ಆತನ ಎದೆಗೆ ಒತ್ತಿದಳು. ಆತ ಇತ್ತ ನೂಕಿದ, ಆಕೆ ಅತ್ತ ನೂಕಿದಳು. ಅದೇ ಹೊತ್ತಿಗೆ ಜ್ಯೋತಿಲಕ್ಷ್ಮಿ, ಫೋಟೋಕ್ಕೆಂದು ಆತ ಮೊದಲೇ ಕೈಗೆ ಕೊಟ್ಟಿದ್ದ ಫೋನಿನಲ್ಲಿ ಫೋಟೋ ತೆಗೆದು, ಹೇಳದೆಯೇ ಗ್ರೂಪಿಗೂ ಹಾಕಿಬಿಟ್ಟಳು. ಚುರುಕಾದ ಹುಡುಗಿ.

ಗಂಟು, ಚೀಲ ಹೊತ್ತು ಟೆಂಪೋದಲ್ಲಿ ಕೂತ ಕೊಟ್ಟೂರಪ್ಪನಿಗೆ ಏನೂ ತಿಳಿಯಲಿಲ್ಲ. ತಾನು ದಾನ ಮಾಡಿದವನೋ, ಪಡೆದವನೋ? ಬಳ್ಳಾರಿ ಬಂದರೂ ಲೆಕ್ಕ ಹತ್ತಲಿಲ್ಲ.

ಮನೆಯಲ್ಲಿ ಸುವರ್ಣಮ್ಮ ಫೋನು ಹಿಡಿದು ನಿಂತಿದ್ದಳು. "ಅಧ್ಯಕ್ಷರು ಕೇಳಾಕಹತ್ತ್ಯಾರ, ಆ ಮುದುಕಿ ಕಡಿಂದ ಚೀಲ ಇಸಗೊಳ್ಳೋ ಬಡವರು ಯಾರು ಅಂತ! ನಾಳಿ ಆ ಬಡವರ ಮನಿ ನೋಡಾಕ ಬರ್ತಾರಂತ! ಏನ್ ಹೇಳ್ಲಿ?"

ಕೊಟ್ಟೂರಪ್ಪ ಗಂಟು ಮುಂದಿಟ್ಟ. ಆಕೆ ಬಿಚ್ಚಿದಳು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಬೈಗುಳ ಅರ್ಧಕ್ಕೇ ನಿಂತಿತು. ಒಂದು ತುತ್ತು ಮುರಿದು ಬಾಯಿಗಿಟ್ಟಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತಳು.

"ಮೂರು ವಾರದಿಂದ ನಾನೂ ಆ ಉಪ್ಪಿಟ್ಟನ್ನs ತಿಂದೀನಲ್ರೀ," ಎಂದಳು. ದನಿ ಯಾಕೋ ಮೆತ್ತಗಾಗಿತ್ತು. ಕೊಟ್ಟೂರಪ್ಪನಿಗೆ ಪಾಪ ಅನ್ನಿಸಿತು. ಈ ಮಾತು ತನಗೆ ಒಮ್ಮೆಯೂ ಹೊಳೆದಿರಲಿಲ್ಲ. ಆಕೆ ತಿನ್ನುವುದನ್ನೇ ನೋಡುತ್ತ ಕೂತ. ನೋಡನೋಡುತ್ತ ಕೊನೆಯ ರೊಟ್ಟಿಯೂ ಮುಗಿಯಿತು.

ಸುವರ್ಣಮ್ಮ ಕೈ ತೊಳೆದು ಬಂದಳು. "ನಾಳಿ ಮೊದಲ್ನೇ ಬಸ್ಸಿಗೆ ಹೋಗಿ ಈರಮ್ಮಗ ಚೀಲ ಕೊಟ್ಟು ಬರ್ರಿ. ಹಸಕೊಂಡು ಮಾತ್ರ ಹೋಗಬ್ಯಾಡ್ರಿ, ಮಾನ ಹೋಗ್ತೈತಿ. ನಸುಕಿನ್ಯಾಗs ಎದ್ದು ಹೊಟ್ಟಿತುಂಬ ಉಪ್ಪಿಟ್ಟು ಮಾಡಿಕೊಡ್ತೀನಿ."