ಒಲೆಯ ಮುಂದಿನಿಂದ ಏಳದ ಗಂಡ

ನನಗೊಂದು ಕಾಯಿಲೆ ಇದೆ. ಹುಣಸೂರಿನ ಯಾವ ಡಾಕ್ಟರ ಬಳಿಯೂ ಅದಕ್ಕೆ ಮದ್ದಿಲ್ಲವೆಂದು ಗೊತ್ತಿರುವುದರಿಂದ ತೋರಿಸಿಕೊಳ್ಳಲು ಹೋಗಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡಂತೆ ನೋಡಲು ನನಗೆ ಬರುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಪದವಿ ಕಾಲೇಜಿನಲ್ಲಿ ಅಮೆರಿಕದ ಹಳೆಯ ಸಣ್ಣಕಥೆಗಳನ್ನು ಪಾಠ ಮಾಡಿ ಮಾಡಿ, ಎಲ್ಲದರ ಹಿಂದೆಯೂ ಇನ್ನೊಂದು ಅರ್ಥ ಅಡಗಿ ಕೂತಿದೆ ಎಂಬ ಭ್ರಮೆ ಅಂಟಿಕೊಂಡಿದೆ. ಕಥೆಯಲ್ಲಿ ಬಾಗಿಲು ತೆರೆದಿದ್ದರೆ ಅದು ಸ್ವಾತಂತ್ರ್ಯ, ಮುಚ್ಚಿದ್ದರೆ ಸಾವು, ಅರ್ಧ ತೆರೆದಿದ್ದರೆ ಎರಡು ಪುಟದ ಟಿಪ್ಪಣಿ. ಒಮ್ಮೆ ಅಡುಗೆಮನೆಯಲ್ಲಿ ಹಾಲು ಉಕ್ಕಿ ಹರಿಯುತ್ತಿದ್ದಾಗ, ಇದು ಅದುಮಿಟ್ಟ ಭಾವನೆಗಳ ಸಂಕೇತವಲ್ಲವೇ ಎಂದು ಯೋಚಿಸುತ್ತ ನಿಂತಿದ್ದೆ. ನನ್ನ ಹೆಂಡತಿ ಜಯಂತಿ ಬಂದು ಒಲೆ ಆರಿಸಿ, ಅದುಮಿಡದ ಭಾವನೆಗಳು ಹೇಗಿರುತ್ತವೆಂದು ತೋರಿಸಿಕೊಟ್ಟಳು.

ನಾನು ಕೆ.ಆರ್. ನಗರದ ಕಡೆಯವನು, ನಾಲೆ ನೀರಿನ ಭತ್ತದ ಸೀಮೆಯವನು. ಊರಿಗೆ ಹೋಗಿ ಬೆಳಗಿನ ಬಸ್ಸಿಗೆ ಹಿಂದಿರುಗುವಾಗ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ನನ್ನ ಕಥೆ ಮುಗಿದಂತೆ. ಗದ್ದೆಯ ಮೇಲಿನ ಮಂಜು ಮೆಲ್ಲಗೆ ಹಿಮವಾಗುತ್ತದೆ, ಎಮ್ಮೆಗಳು ಕುದುರೆಗಳಾಗುತ್ತವೆ, ದೂರದ ಪಂಪ್‌ಸೆಟ್ ಮನೆಯಲ್ಲಿ ಯಾರೋ ಒಂಟಿ ಮುದುಕ ಕಾಗದ ಬರೆಯುತ್ತ ಕೂತಿರುತ್ತಾನೆ. ಹುಣಸೂರು ಬಂತು ಇಳೀರಿ ಮೇಷ್ಟ್ರೇ ಎಂದು ಕಂಡಕ್ಟರ್ ಹೇಳುವ ಹೊತ್ತಿಗೆ ನಾನು ಮಿಸಿಸಿಪ್ಪಿಯ ದಂಡೆಯಲ್ಲಿರುತ್ತೇನೆ. ಒಮ್ಮೊಮ್ಮೆ ಇಳಿಯುವುದನ್ನು ಮರೆತು ಡಿಪೋವರೆಗೂ ಹೋಗಿದ್ದುಂಟು.

ಈ ವರ್ಷ ನನ್ನ ನಿದ್ದೆ ಕೆಡಿಸಿದ್ದು ಪಠ್ಯದಲ್ಲಿದ್ದ ಒಂದು ಪುಟ್ಟ ಕಥೆ. ವರ್ಜೀನಿಯಾದ ಒಬ್ಬ ರೈತ ಹೊಗೆಸೊಪ್ಪು ಬೇಯಿಸುವ ಒಲೆಯ ಮುಂದೆ ಕೂತಿದ್ದಾನೆ. ಅವನ ಹೆಂಡತಿ ಪೆಟ್ಟಿಗೆ ಕಟ್ಟಿಕೊಂಡು ಅಂಗಳದಲ್ಲಿ ಕುದುರೆಗಾಡಿ ಹತ್ತುತ್ತಾಳೆ. ಅವನು ನೋಡುತ್ತಾನೆ, ಏಳುವುದಿಲ್ಲ. ಗಾಡಿ ತಿರುವಿನಲ್ಲಿ ಮರೆಯಾಗುತ್ತದೆ. ಅವನು ಒಲೆಗೆ ಇನ್ನೊಂದು ಕೊರಡು ನೂಕುತ್ತಾನೆ. ಇಷ್ಟೇ ಕಥೆ. ನನ್ನ ಹಳೆಯ ನೋಟ್ಸಿನಲ್ಲಿ ಇದಕ್ಕೆಲ್ಲ ಉತ್ತರವಿತ್ತು. ಬೆಂಕಿ ಎಂದರೆ ಅಹಂಕಾರದ ಪ್ರತಿಮೆ, ಕೊರಡು ಎಂದರೆ ಸತ್ತ ದಾಂಪತ್ಯ, ಮೊದಲ ಪುಟದ ಬಾಡಿದ ಎಲೆ ಮುಂದಾಗುವುದರ ಮುನ್ಸೂಚನೆ, ಮನೆ ಬರಿದಾದ ದಿನವೇ ಸೊಪ್ಪು ಬಂಗಾರದ ಬಣ್ಣಕ್ಕೆ ತಿರುಗಿದ್ದು ವ್ಯಂಗ್ಯ. ಒಟ್ಟು ಆಶಯ, ಕಲ್ಲೆದೆಯ ಗಂಡಸಿನ ಒಂಟಿತನ. ಇದನ್ನು ಪ್ರತಿವರ್ಷ ಬರೆಸುತ್ತಿದ್ದೆ, ವಿದ್ಯಾರ್ಥಿಗಳು ಪ್ರತಿವರ್ಷ ಬರೆಯುತ್ತಿದ್ದರು.

ಕೊನೆಯ ವರ್ಷದ ಸವಿತಾ ಮಾತ್ರ ಬರೆಯಲಿಲ್ಲ. ಪಿರಿಯಾಪಟ್ಟಣದ ಕಡೆಯ ಹಳ್ಳಿಯ ಹುಡುಗಿ, ತರಗತಿಯಲ್ಲಿ ಬಾಯಿಬಿಟ್ಟವಳೇ ಅಲ್ಲ. ಆ ಮನುಷ್ಯ ಕಲ್ಲೆದೆಯವನಲ್ಲ, ಅವನು ಏಳುವ ಹಾಗಿರಲಿಲ್ಲ ಎಂದು ಕಿರುಪರೀಕ್ಷೆಯಲ್ಲಿ ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ‘ಪಠ್ಯವನ್ನು ಓದು’ ಎಂದು ಗೀಚಿ ಹತ್ತಕ್ಕೆ ಎರಡು ಕೊಟ್ಟೆ. ಮರುದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಅಂಕಕ್ಕೆ ಬಂದಿದ್ದಾಳೆ ಎಂದುಕೊಂಡು ಪೇಪರಿಗೆ ಕೈ ಚಾಚಿದೆ.

“ಅಂಕ ಬ್ಯಾಡ ಸಾರ್. ನಾನು ಹುಟ್ಟಿದ ದಿನ ನಮ್ಮಪ್ಪ ಬ್ಯಾರನ್ ಮುಂದೆ ಕೂತಿದ್ರು. ಸೊಪ್ಪು ಬೆಂದ ಮ್ಯಾಲೆ, ಮೂರನೇ ದಿನ ಬಂದು ನನ್ನ ಮುಖ ನೋಡುದ್ರಂತೆ. ನೀವು ಕಲ್ಲೆದೆ ಅಂತ ಬರೀರಿ ಅಂದ್ರಿ. ನಂಗೆ ಬರಿಯಕ್ಕಾಗ್ಲಿಲ್ಲ.”

ಬ್ಯಾರನ್ ಎಂದರೆ ಈ ಕಡೆ ಹಸಿ ಹೊಗೆಸೊಪ್ಪನ್ನು ನೇತುಹಾಕಿ ಒಲೆಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಎತ್ತರದ ಮನೆ. ದಾರಿಯುದ್ದಕ್ಕೂ ನೋಡಿದ್ದೇನೆ, ಒಳಗೆ ಹೋದವನಲ್ಲ. ಪಠ್ಯದಲ್ಲಿ ಇದಕ್ಕೆ ಆಧಾರ ಬೇಕಮ್ಮ ಎಂದು ಗಂಭೀರವಾಗಿ ಹೇಳಿ ಅವಳನ್ನು ಕಳಿಸಿದೆ. ಕಳಿಸಿದ ಮೇಲೆ ಹೊಳೆಯಿತು. ಅವಳು ಹೇಳಿದ್ದು ನಿಜವಾದರೆ ನಾನು ಒಬ್ಬ ತಂದೆಯನ್ನು ಅವನ ಮಗಳ ಕೈಯಿಂದಲೇ ಬೈಸಲು ಹೊರಟಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮನೆಯಲ್ಲಿ ಜಯಂತಿಗೆ ಹೇಳಿದೆ. ಇವಳು ಹನಗೋಡಿನ ಕಡೆಯ ಹೊಗೆಸೊಪ್ಪಿನ ಮನೆಯ ಮಗಳು. ಇಷ್ಟು ವರ್ಷ ಆ ಕಥೆಯನ್ನು ಬಗಲಲ್ಲಿಟ್ಟುಕೊಂಡು ಓಡಾಡಿದ ನಾನು, ಅದನ್ನು ಬಲ್ಲವಳ ಕೈಯ ಊಟ ಉಂಡೂ ಒಂದು ಮಾತು ಕೇಳಿರಲಿಲ್ಲ. ಅವಳು ಅಕ್ಕಿ ಆರಿಸುತ್ತ ಕಥೆಯನ್ನು ಪೂರ್ತಿ ಕೇಳಿಸಿಕೊಂಡಳು. ಭಾನುವಾರ ತಮ್ಮನ ಬ್ಯಾರನ್ ಬೇಯುತ್ತಿರುತ್ತದೆ, ಬಂದು ಕೂತು ನೋಡಿ ಎಂದಳು, ಅಷ್ಟೇ.

ಭಾನುವಾರ ಮಧ್ಯಾಹ್ನ ಭಾವಮೈದ ಮಹದೇವ ನನ್ನನ್ನು ಒಲೆಯ ಮುಂದೆ ಒಂದು ಕೊರಡಿನ ಮೇಲೆ ಕೂರಿಸಿದ. ಕಿಂಡಿಯ ಗಾಜಿನೊಳಗೆ ನೇತುಬಿದ್ದ ಥರ್ಮಾಮೀಟರ್ ತೋರಿಸಿ, “ಭಾವ, ಈ ಗೆರೆಯಿಂದ ಕೆಳಕ್ಕಿಳಿದ್ರೆ ಒಂದು ಸೌದೆ ನೂಕಿ. ಈಗ ಬಣ್ಣ ಕೂರೋ ಹೊತ್ತು. ಈಗೇನಾರ ಕಾವು ಬಿದ್ರೆ ಸೊಪ್ಪೆಲ್ಲ ಕಪ್ಪಾಯ್ತದೆ” ಎಂದು ಹೇಳಿ ಊಟಕ್ಕೆ ಹೋದ. ನಾನು ಕೂತೆ. ಒಲೆಯ ಬಾಯಲ್ಲಿ ಬೆಂಕಿ ಗುನುಗುತ್ತಿತ್ತು. ಬೆಂದ ಸೊಪ್ಪಿನ ಸಿಹಿ ಘಾಟು ಮೂಗಿನಿಂದ ಮೆಲ್ಲಗೆ ತಲೆಗೇರಿತು. ಹೊರಗೆ ಲಕ್ಷ್ಮಣತೀರ್ಥದ ಕಡೆಯಿಂದ ತೇಲಿಬಂದ ಮೋಡವೂ ಬ್ಯಾರನ್ನಿನ ಹೊಗೆಯೂ ಎಲ್ಲಿ ಸೇರಿದವೋ ತಿಳಿಯಲಿಲ್ಲ. ನಾನು ಹನಗೋಡಿನಲ್ಲಿದ್ದೇನೋ ವರ್ಜೀನಿಯಾದಲ್ಲೋ, ಅದೂ ತಿಳಿಯಲಿಲ್ಲ. ಆದರೆ ಕಣ್ಣು ಮಾತ್ರ ಆ ಗೆರೆಯನ್ನು ಬಿಟ್ಟು ಕದಲಲಿಲ್ಲ. ಜೀವನದಲ್ಲಿ ಮೊದಲ ಸಲ ಒಂದು ಗೆರೆ ನನಗೆ ಬರೀ ಗೆರೆಯಾಗಿ ಕಂಡಿತು.

ಮನೆಯ ಕಡೆಯಿಂದ ಜಯಂತಿ ಊಟಕ್ಕೆ ಕರೆದಳು. ಕೇಳಿಸಿತು, ಏಳಲಿಲ್ಲ. ಇನ್ನೊಮ್ಮೆ ಕರೆದಳು. ಆಗಲೂ ಏಳಲಿಲ್ಲ, ಪಾದರಸ ಗೆರೆಗಿಂತ ಕೆಳಗೆ ಜಾರಿತ್ತು, ನಾನು ಸೌದೆ ನೂಕುತ್ತಿದ್ದೆ. ನೂಕಿ ತಿರುಗಿದರೆ ಅವಳು ಮುದ್ದೆಯ ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದಳು. ನಗಲಿಲ್ಲ. ಆ ಹುಡುಗಿ ಸರಿಯಾಗಿ ಬರೆದಿದ್ದಾಳೆ ಎಂದು ನಾನೇ ಒಪ್ಪಿಕೊಂಡೆ. ಜಯಂತಿ ತಟ್ಟೆ ಕೊಟ್ಟು ಪಕ್ಕದಲ್ಲಿ ಕೂತಳು.

“ಅವ್ನು ಏಳಂಗಿರ್ಲಿಲ್ಲ ಅನ್ನೋದು ಅವ್ನ ಹೆಂಡ್ತಿಗೂ ಗೊತ್ತಿತ್ತು ಕಣ್ರೀ. ಸೊಪ್ಪಿನ ಮನೇಲಿ ಬಾಳಾಟ ಮಾಡ್ದೋಳು, ಗೊತ್ತಿಲ್ದೆ ಇದ್ದದಾ? ಅದಕ್ಕೇ ಆ ದಿನ ನೋಡ್ಕಂಡು ಹೊಂಟವ್ಳೆ. ಬ್ಯಾರೆ ದಿನವಾಗಿದ್ರೆ ಹಿಂದೇನೇ ಬಂದು ಮಾತಾಡಿ ಮಾತಾಡಿ ವಾಪಸ್ ಕರ್ಕಂಡು ಬಂದ್ಬುಡ್ತಿದ್ದ.”

ಇಪ್ಪತ್ತೆರಡು ವರ್ಷ ಆ ಗಂಡಸಿನ ಬೆಂಕಿ, ಕೊರಡು, ಎಲೆ ಎಲ್ಲವನ್ನೂ ಜಾಲಾಡಿದ ನಾನು ಆ ಹೆಂಗಸು ಯಾಕೆ ಅವತ್ತೇ ಹೊರಟಳು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಸೋಮವಾರ ತರಗತಿಯಲ್ಲಿ ನಾನು ಬರೆಸಿದ್ದು ತಪ್ಪೆಂದು ಹೇಳಿ, ಕಲ್ಲೆದೆ ಎಂಬ ಪದವನ್ನು ಎಲ್ಲರೂ ಹೊಡೆದುಹಾಕಿ ಎಂದೆ. ಸವಿತಾ ಪೆನ್ನು ಎತ್ತಲಿಲ್ಲ. ಹೋಗಿ ನೋಡಿದರೆ ಅವಳ ನೋಟ್ಸಿನಲ್ಲಿ ಆ ಪದವಿರಬೇಕಾದ ಜಾಗ ಮೊದಲಿನಿಂದಲೂ ಖಾಲಿ ಇತ್ತು. ಅವಳ ಎರಡನ್ನು ಹತ್ತು ಮಾಡಿದೆ. ನಮ್ಮಪ್ಪಂಗೆ ಹೇಳ್ತೀನಿ ಸಾರ್ ಎಂದಳು. ಏನು ಹೇಳುತ್ತಾಳೋ ಎಂದು ಅಂಜಿಕೆಯೂ ಆಯಿತು, ಸಂತೋಷವೂ ಆಯಿತು.

ಕಳೆದ ವಾರ ಮೈಸೂರಿನಲ್ಲಿ ಉತ್ತರಪತ್ರಿಕೆ ಮೌಲ್ಯಮಾಪನಕ್ಕೆ ಹಾಜರಾಗಬೇಕೆಂದು ನನಗೆ ಆದೇಶ ಬಂತು. ತಪ್ಪಿಸಿಕೊಳ್ಳುವ ಹಾಗಿಲ್ಲದ ಕೆಲಸ. ಸಂಜೆ ನೋಡಿದರೆ ಜಯಂತಿ ಅಟ್ಟದಿಂದ ಬ್ಯಾಗು ಇಳಿಸಿ ಧೂಳು ಒರೆಸುತ್ತಿದ್ದಾಳೆ, ನಾಲ್ಕು ದಿನ ತವರಿಗಂತೆ. ನಾನು ಬಾಗಿಲಲ್ಲೇ ನಿಂತೆ. ಮದುವೆಯಾದಾಗಿನಿಂದ ಅವಳು ತವರಿಗೆ ಹೊರಟ ದಿನಗಳೆಲ್ಲ ಒಂದೊಂದಾಗಿ ನೆನಪಾದವು. ಅಷ್ಟೂ ಸಲ ನಾನು ಮೌಲ್ಯಮಾಪನದಲ್ಲಿದ್ದೆ, ಇಲ್ಲವೇ ಪರೀಕ್ಷೆಯ ಕೊಠಡಿ ಕಾಯುತ್ತಿದ್ದೆ. ಎಲ್ಲ ಅರ್ಥಮಾಡಿಕೊಂಡ ಗಂಡನಂತೆ ನಡೆದುಕೊಳ್ಳಬೇಕೆಂದು ಗಂಟಲು ಸರಿಮಾಡಿಕೊಂಡು, ಹೇಗಾದರೂ ಮಾಡಿ ರಜೆ ಹಾಕುತ್ತೇನೆ, ಈ ಸಲ ನಾನೂ ಜೊತೆಗೆ ಬರುತ್ತೇನೆ ಎಂದೆ.

ಅವಳು ಸೀರೆ ಮಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನೋಟದಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು.

“ನೀವೂ ಬರಾದಾದ್ರೆ ನಾನ್ಯಾಕ್ರೀ ಹೋಗ್ಲಿ?” ಎಂದಳು.